ತಿರುವಿನಲ್ಲಿ ನಿಂತವನು

ಹಾಸಿಗೆಯ ಸುರುಳಿ ಇರಲಿಲ್ಲ. ಹಗ್ಗ ಇತ್ತು, ಬೆಳಿಗ್ಗೆ ತಾನೇ ಹಾಕಿದ್ದ ಗಂಟೂ ಹಾಗೇ ಇತ್ತು, ಗಂಟಿನ ಒಳಗೆ ಇರಬೇಕಾದದ್ದು ಮಾತ್ರ ದಾರಿಯಲ್ಲೆಲ್ಲೋ ಜಾರಿಹೋಗಿತ್ತು. ಕನ್ನಡಕದವನು ಮೋಟಾರ್ ಸೈಕಲ್ಲಿನ ಹಿಂಬದಿಯ ಕಂಬಿಯ ಮೇಲೆ ಕೈಯಾಡಿಸಿದ, ಕತ್ತಲಲ್ಲಿ ತಡಕುವವನ ಹಾಗೆ. ಆದರೆ ಈ ಉತ್ತರದ ತುದಿಯಲ್ಲಿ ಕತ್ತಲೆ ಎಲ್ಲಿತ್ತು. ಇಲ್ಲಿಯ ಸೂರ್ಯ ನೆತ್ತಿಗೂ ಏರುವುದಿಲ್ಲ, ಕೆಳಗೂ ಇಳಿಯುವುದಿಲ್ಲ, ಕೆಲಸವಿಲ್ಲದ ಮುದುಕನ ಹಾಗೆ ಆಕಾಶದ ಅಂಚಿನಲ್ಲೇ ಸುತ್ತು ಹೊಡೆಯುತ್ತಿರುತ್ತದೆ. ಸಂಜೆ ಐದು ಗಂಟೆಯಾಗಿತ್ತು. ಸರೋವರದ ದಡದಲ್ಲಿ ಕಂಟ್ರಾಕ್ಟರ್ ಡೇರೆಯ ಗೂಟಗಳನ್ನು ಬಡಿಯುತ್ತಿದ್ದ, ಪ್ರತಿ ಏಟಿಗೂ ನೀರಿನ ಆಚೆಯಿಂದ ಇನ್ನೊಂದು ಏಟು ಕೇಳುತ್ತಿತ್ತು. ಹಲ್ಲಿನ ಡಾಕ್ಟರ್ ಮಡಚುವ ಕುರ್ಚಿಯಲ್ಲಿ ಕುಳಿತು ನೋಯುವ ಮಂಡಿಯನ್ನು ಎದುರಿನ ಕಲ್ಲಿನ ಮೇಲೆ ಚಾಚಿಕೊಂಡಿದ್ದ. ಕನ್ನಡಕದವನ ಕೈ ಬರಿದಾದ ಹಗ್ಗದ ಮೇಲೆಯೇ ನಿಂತಿತು. ದಾರಿಯಲ್ಲಿ ಯಾರದಾದರೂ ಸಾಮಾನು ಬಿದ್ದರೆ ನಿಲ್ಲಿಸಿ ಎತ್ತಿಕೊಂಡು ಬರುವುದು ಕೊನೆಯ ಗಾಡಿಯವನ ಕೆಲಸ. ಕೊನೆಯ ಗಾಡಿ ಮೇಷ್ಟ್ರದು. ಮೇಷ್ಟ್ರು ಇನ್ನೂ ಬಂದಿರಲಿಲ್ಲ. ಹಾಗಾದರೆ ಅವರು ತಡ ಮಾಡಿದ್ದು ಇದಕ್ಕೆ, ಎಂದು ಅವನಿಗೆ ಹೊಳೆಯಿತು. ಅವನು ಆಚೀಚೆ ನೋಡಿ ತನ್ನ ಮಳೆ ಕೋಟನ್ನು ಚೀಲದಿಂದ ತೆಗೆದು ಮಡಚಿ, ಹಾಸಿಗೆ ಇದ್ದ ಜಾಗದಲ್ಲಿಟ್ಟು, ಹಗ್ಗವನ್ನು ಮತ್ತೆ ಬಿಗಿದ.

ಹಡಗಿನಲ್ಲಿ ಕಳಿಸಿದ್ದ ಗಾಡಿಗಳನ್ನು ಬಂದರಿನಲ್ಲಿ ಬಿಡಿಸಿಕೊಂಡು ಹೊರಟು ಹನ್ನೊಂದು ದಿನವಾಗಿತ್ತು. ನಾಲ್ಕು ಜನ, ನಾಲ್ಕು ಗಾಡಿ. ಎಲ್ಲರಿಗೂ ಅರುವತ್ತರ ಆಸುಪಾಸು, ಮೇಷ್ಟ್ರಿಗೆ ಅರುವತ್ತನಾಲ್ಕು. ಭೂಮಿಯ ಮೇಲೆ ರಸ್ತೆ ಎಂಬುದು ಎಲ್ಲಿ ಮುಗಿಯುತ್ತದೋ, ಅದರಾಚೆ ಬರೀ ಸಮುದ್ರವೋ ಅಲ್ಲಿಯವರೆಗೆ ಹೋಗಿ ಬರುವುದು. ಇದು ಮೇಷ್ಟ್ರ ಹಳೆಯ ಹುಚ್ಚು. 'ಮುಂದಿನ ಚಕ್ರ ಆ ಉಪ್ಪು ನೀರಲ್ಲಿ ಒಂದ್ಸಲ ಅದ್ದಬೇಕು ಅಷ್ಟೇ, ಆಮೇಲೆ ಗಾಡಿ ಮೂಲೆಗೆ ನಿಲ್ಲಿಸಿಬಿಡ್ತೀನಿ' ಎಂದು ಅವರು ಹದಿನೈದು ವರ್ಷದಿಂದ ಹೇಳುತ್ತಾ ಬಂದಿದ್ದರು. ಕೆಲಸದಲ್ಲಿದ್ದಾಗ ರಜೆ ಸಿಗಲಿಲ್ಲ, ರಜೆ ಸಿಕ್ಕಾಗ ಹೆಂಡತಿ ಹಾಸಿಗೆ ಹಿಡಿದಿದ್ದರು, ಆಕೆ ಹೋದ ಮೇಲೆ ಅವರು ಎರಡು ವರ್ಷ ಗ್ಯಾರೇಜಿನಲ್ಲಿ ಕೂತು ಆ ಹಳೆಯ ಗಾಡಿಯನ್ನು ಬಿಚ್ಚಿ, ತೊಳೆದು, ಜೋಡಿಸಿ, ಮತ್ತೆ ಬಿಚ್ಚಿದರು. ಅವರ ಹುಚ್ಚಿಗೆ ಕಂಟ್ರಾಕ್ಟರ್ ಮುಂದಾಳಾದ, ಯಾಕೆಂದರೆ ಕಂಟ್ರಾಕ್ಟರ್ ಇದ್ದ ಕಡೆ ಇನ್ನೊಬ್ಬ ಮುಂದಾಳಾಗುವುದು ಸಾಧ್ಯವಿರಲಿಲ್ಲ. ಹಲ್ಲಿನ ಡಾಕ್ಟರ್ ಹೊಸ ಗಾಡಿ ತೆಗೆದುಕೊಂಡಿದ್ದ, ಅದನ್ನು ಎಲ್ಲಿಗಾದರೂ ಓಡಿಸಬೇಕಿತ್ತು. ಕನ್ನಡಕದವನನ್ನು ಯಾಕೆ ಕರೆದರು ಎಂಬುದು ಅವನಿಗೇ ಗೊತ್ತಿರಲಿಲ್ಲ. ಗಾಡಿಯೂ ಅವನದಲ್ಲ, ಭಾವಮೈದುನನದು. ಕೊಡುವಾಗ ಆತ ಒಂದೊಂದು ಗೀರನ್ನೂ ತೋರಿಸಿ, 'ಇದು ಮೊದಲೇ ಇತ್ತು ಭಾವ, ಇದೊಂದು ಇತ್ತು, ಇನ್ನು ಯಾವುದೂ ಇರಲಿಲ್ಲ' ಎಂದಿದ್ದ. ಹೆಂಡತಿ ಮಾತ್ರ ಕಾರಣ ಹೇಳಿದ್ದಳು. ಬಟ್ಟೆ ಮಡಚುತ್ತಾ, ತಲೆ ಎತ್ತದೆ, 'ಅಲ್ಲಿ ಟೀ ಕಾಯಿಸೋಕೆ ಒಬ್ಬರು ಬೇಕಲ್ಲ ಅವರಿಗೆ' ಎಂದಿದ್ದಳು. ತಮಾಷೆಗೆ ಹೇಳಿದ್ದು. ಅವನೂ ನಕ್ಕಿದ್ದ. ಮೊದಲನೇ ಸಂಜೆಯಿಂದಲೂ ಸ್ಟವ್ ಹಚ್ಚುವವನು ಅವನೇ ಆಗಿದ್ದ.

ಮೊದಲನೇ ದಿನವೇ ಕಂಟ್ರಾಕ್ಟರ್ ಕಡ್ಡಿ ತೆಗೆದುಕೊಂಡು ಮಣ್ಣಿನಲ್ಲಿ ಗೆರೆ ಎಳೆದು ನಿಯಮ ಹೇಳಿದ್ದ. ಮುಂದೆ ತಾನು, ಕೊನೆಗೆ ಮೇಷ್ಟ್ರು. ಎಲ್ಲಿ ದಾರಿ ತಿರುಗುತ್ತದೋ ಅಲ್ಲಿ ಒಬ್ಬ ನಿಲ್ಲಬೇಕು. ಗಾಡಿಯಿಂದ ಇಳಿದು, ಹೋಗಬೇಕಾದ ಕಡೆಗೆ ಕೈ ಚಾಚಿ, ಕೊನೆಯವನು ಬಂದು, ನಿಲ್ಲಿಸದೆ ಕೈ ಎತ್ತಿ, ತಿರುಗಿ ದಾಟುವ ತನಕ ಅಲ್ಲಾಡಬಾರದು. ಅವನು ದಾಟಿದ ಮೇಲೆ ಹೊರಟು, ಅವನನ್ನು ಹಿಂದೆ ಹಾಕಿ, ತನ್ನ ಜಾಗಕ್ಕೆ ಸೇರಿಕೊಳ್ಳಬೇಕು. 'ತಿರುವಲ್ಲಿ ಯಾರೂ ನಿಂತಿಲ್ಲ ಅಂದ್ರೆ ಏನರ್ಥ? ನೇರ ಹೋಗು ಅಂತ ಅರ್ಥ. ಯೋಚನೆ ಮಾಡೋ ಹಾಗೇ ಇಲ್ಲ. ಫೋನಿಲ್ಲ ಗೀನಿಲ್ಲ, ಇದೊಂದೇ' ಎಂದಿದ್ದ. ಮೇಷ್ಟ್ರು, 'ಬಹಳ ಚೆನ್ನಾಗಿದೆ ಕಣಪ್ಪ ಇದು, ಒಬ್ಬರನ್ನೊಬ್ಬರು ನಂಬಿದ್ರೆ ಸಾಕು, ಬೋರ್ಡೂ ಬೇಡ' ಎಂದು ಮಗುವಿನ ಹಾಗೆ ಖುಷಿಪಟ್ಟಿದ್ದರು. ನಡುವಿನ ಇಬ್ಬರು ಸರದಿಯ ಮೇಲೆ ನಿಲ್ಲಬೇಕೆಂದು ಮಾತಾಗಿತ್ತು. ಮೂರನೇ ದಿನ ಡಾಕ್ಟರಿಗೆ ಇಳಿದು ಹತ್ತಿ ಮಂಡಿ ಊದಿಕೊಂಡಿತು. ಅಲ್ಲಿಂದಾಚೆಗೆ ಎಲ್ಲಾ ತಿರುವುಗಳೂ ಕನ್ನಡಕದವನ ಪಾಲಿಗೆ ಬಂದವು. ಯಾರೂ ಹೇಳಲಿಲ್ಲ. ಕಂಟ್ರಾಕ್ಟರ್ ಹಿಂದೆ ತಿರುಗಿ ನೋಡದೆ ಕೈಯನ್ನು ಕೆಳಗೆ ಒತ್ತಿ ಸನ್ನೆ ಮಾಡುತ್ತಿದ್ದ, ಇವನು ಇಳಿಯುತ್ತಿದ್ದ.

ಇವತ್ತಿನ ಬೆಳಿಗ್ಗೆ. ಪೆಟ್ರೋಲ್ ಹಾಕಿಸಿದ ಕಡೆ, ಕಾಫಿ ಕುಡಿಯುತ್ತಾ, ನಾಲ್ಕು ಜನ ಗೋಡೆಗೆ ಒರಗಿ ನಿಂತಿದ್ದಾಗ ಕಂಟ್ರಾಕ್ಟರ್ ಹೇಳಿದ: 'ನಮ್ಮ ಕನ್ನಡಕ ಇದಾನಲ್ಲ, ಇವನನ್ನ ಎಲ್ಲಿ ನೆಟ್ರೂ ನಿಲ್ತಾನೆ. ಲೈಟ್ ಕಂಬ ನೋಡು, ನೀರೂ ಕೇಳಲ್ಲ, ಗೊಬ್ಬರಾನೂ ಕೇಳಲ್ಲ.' ಡಾಕ್ಟರ್ ನಕ್ಕ. ಅದು ಏನೂ ಅನ್ನಿಸಲಿಲ್ಲ. ಅವನು ಬಾಯಿ ಬಿಟ್ಟವರ ಎದುರು ಬಾಯಿ ಬಿಡುವ ಮನುಷ್ಯ. ಆದರೆ ಮೇಷ್ಟ್ರು ನಕ್ಕರು. ಮೇಷ್ಟ್ರ ನಗು ಚಿಕ್ಕದು, ಮೂಗಿನಲ್ಲಿ ಬರುವಂಥದ್ದು, ನಕ್ಕ ಮೇಲೆ ಅವರೇ ಕೈಯಲ್ಲಿದ್ದ ಲೋಟದೊಳಗೆ ನೋಡಿಕೊಂಡರು. ಅಷ್ಟೇ. ಅಷ್ಟು ಸಾಕಾಗಿತ್ತು. ಅಣ್ಣ ತೀರಿಕೊಂಡ ಮೇಲೆ ಕನ್ನಡಕದ ಅಂಗಡಿ ಅಣ್ಣನ ಮಗನಿಗೆ ಹೋಗಿ, ಆ ಹುಡುಗ ಮೊದಲನೇ ವಾರವೇ ಬಹಳ ಮರ್ಯಾದೆಯಿಂದ, 'ಚಿಕ್ಕಪ್ಪ, ನೀವು ಹಿಂದಿನ ರೂಮಲ್ಲಿ ಕೂತ್ರೆ ನಿಮಗೂ ಆರಾಮ, ಗಿರಾಕಿಗಳಿಗೂ ಜಾಗ ಆಗುತ್ತೆ' ಎಂದದ್ದು ಆ ಲೋಟದೊಳಗೆ ಇತ್ತು. ಮೂವತ್ತಾರು ವರ್ಷ ಗಾಜು ತಿಕ್ಕಿದ ಕೈ ಅವನದು. ಬೆರಳಿನಿಂದ ಒಮ್ಮೆ ಒರೆಸಿದರೆ ನಂಬರು ಹೇಳುತ್ತಿದ್ದ. ಹಿಂದಿನ ರೂಮಿನಲ್ಲಿ ಕಿಟಕಿ ಇರಲಿಲ್ಲ. ಅಲ್ಲಿಗೆ ಬಂದು ಅವನನ್ನು ಮಾತಾಡಿಸುತ್ತಿದ್ದವರು ಮೇಷ್ಟ್ರೊಬ್ಬರೇ. ಸ್ಟೂಲ್ ಎಳೆದುಕೊಂಡು ಕೂತು, ಗಾಜು ಅರೆಯುವ ಚಕ್ರ ತಿರುಗುವುದನ್ನೇ ಗಂಟೆಗಟ್ಟಲೆ ನೋಡುತ್ತಾ, 'ನೀವು ಮಾಡೋದು ದೊಡ್ಡ ಕೆಲಸ ಕಣ್ರೀ, ಇದರಲ್ಲಿ ಮೋಸ ಮಾಡೋಕೆ ಬರಲ್ಲ' ಎನ್ನುತ್ತಿದ್ದರು. ಅದೇ ಬಾಯಿ ನಕ್ಕಿತ್ತು.

ಮಧ್ಯಾಹ್ನ ಮೂರಕ್ಕೆ ಆ ಕವಲು ಬಂತು. ಅಗಲವಾದ ಜಲ್ಲಿ ರಸ್ತೆ ನೇರ ಹೋಗುತ್ತಿತ್ತು, ಎಡಕ್ಕೆ ಸಣ್ಣದೊಂದು ಹಾದಿ ಸರೋವರದ ಕಡೆಗೆ. ನೇರ ಹೋದರೆ ನಲವತ್ತು ಮೈಲಿ ಆಚೆ ಮುಚ್ಚಿಹೋದ ಕಲ್ಲುಗಣಿ, ಅಲ್ಲಿಗೆ ದಾರಿ ಮುಕ್ತಾಯ, ನಕ್ಷೆಯಲ್ಲಿ ನೋಡಿದ್ದರು. ನಿಂತಿದ್ದ ಹಲಗೆಯ ಅಕ್ಷರಗಳನ್ನು ಗಾಳಿ ತಿಂದುಹಾಕಿತ್ತು. ಕಂಟ್ರಾಕ್ಟರ್ ಕೈಯನ್ನು ಕೆಳಗೆ ಒತ್ತಿದ. ಕನ್ನಡಕದವನು ಇಳಿದ. ಮುಂದಿನ ಎರಡು ಗಾಡಿಗಳ ಸದ್ದು ಎಡಕ್ಕೆ ಹೋಗಿ ಕರಗಿತು. ಆಮೇಲೆ ಏನೂ ಇರಲಿಲ್ಲ. ಮೊಣಕಾಲೆತ್ತರದ ಗಿಡಗಳು, ಕಲ್ಲಿಗೆ ಅಂಟಿದ ಪಾಚಿ, ತಲೆಯ ಸುತ್ತ ಸಣ್ಣ ಕಪ್ಪು ನೊಣಗಳ ಒಂದು ಮೋಡ. ಮೇಷ್ಟ್ರು ಸಾಮಾನ್ಯವಾಗಿ ಐದು ನಿಮಿಷ ಹಿಂದೆ ಇರುತ್ತಿದ್ದರು. ಹತ್ತು ನಿಮಿಷವಾಯಿತು. ಮೂತ್ರಕ್ಕೆ ಅವಸರವಾಯಿತು. ಮರೆಗೆ ಒಂದು ಮರವಾದರೂ ಬೇಡವೇ, ಎಂದು ಸುತ್ತ ನೋಡಿದ. ಯಾರೂ ಇಲ್ಲದ ಬಯಲು, ಆದರೂ ಎಲ್ಲಾ ಕಡೆಯಿಂದ ಯಾರೋ ನೋಡುತ್ತಿದ್ದಾರೆ ಅನ್ನಿಸಿತು. ಗಾಡಿಯ ಮಗ್ಗುಲಿಗೆ ಬಗ್ಗಿ ನಿಂತರೆ ಈ ವಯಸ್ಸಿನಲ್ಲಿ ಅದೂ ಬೇಗ ಬರುವುದಿಲ್ಲ, ನೊಣಗಳು ಬಿಡುವುದಿಲ್ಲ. ಅರ್ಧ ಕೆಲಸ ಮಾಡಿ, ಪ್ಯಾಂಟಿನ ಮುಂಭಾಗ ಒದ್ದೆ ಮಾಡಿಕೊಂಡು, ಕೈಗವಸಿನಿಂದ ಒರೆಸಿಕೊಂಡು, ಮತ್ತೆ ಬಂದು ಕೈ ಚಾಚಿದ. ಇಪ್ಪತ್ತು ನಿಮಿಷ. ಯಾರಿಗೆ ಕೈ ತೋರಿಸುತ್ತಿದ್ದೇನೆ ಎಂದು ನಗು ಬಂತು. ಮೇಷ್ಟ್ರು ಎಲ್ಲೋ ಗಾಡಿ ನಿಲ್ಲಿಸಿ ಹಕ್ಕಿ ನೋಡುತ್ತಿರುತ್ತಾರೆ, ಕಲ್ಲು ತಿರುವಿ ನೋಡುತ್ತಿರುತ್ತಾರೆ, ಹೇಗೂ ಕಂಬ ನಿಂತಿರುತ್ತದಲ್ಲ, ಕಂಬಕ್ಕೇನು ಅವಸರ. ಮೂವತ್ತೈದು ನಿಮಿಷಕ್ಕೆ ಕಾಲು ಮರಗಟ್ಟಿತು. ಎಂಜಿನ್ ಬೆಚ್ಚಗಿರಲಿ ಎಂದು ಗಾಡಿ ಶುರು ಮಾಡಿದ. ಬೆಚ್ಚಗಿರಲಿ ಎಂದೇ. ಅದಕ್ಕೆ ಸಾಕ್ಷಿ ಬೇಕಾದರೆ ಅವನ ಮನಸ್ಸಿತ್ತು, ಆದರೆ ಆ ಮನಸ್ಸಿನ ಮಾತನ್ನು ಈಗ ಅವನೇ ನಂಬುತ್ತಿರಲಿಲ್ಲ. ಕಾಲು ತಾನಾಗಿ ಗೇರ್ ಒತ್ತಿತು. ಎಡಕ್ಕೆ ತಿರುಗಿ ನೂರು ಗಜ ಹೋದ ಮೇಲೆ ಕನ್ನಡಿಯಲ್ಲಿ ಆ ಕವಲು ಕಂಡಿತು, ಖಾಲಿ, ಅಲ್ಲಿ ಯಾರೂ ಯಾವತ್ತೂ ನಿಂತೇ ಇರಲಿಲ್ಲ ಎನ್ನುವ ಹಾಗೆ. ನಿಲ್ಲಿಸಬಹುದಿತ್ತು. ಆ ಗಳಿಗೆಯಲ್ಲಿ ಅವನ ಮೈಯೊಳಗೆ ಎದ್ದದ್ದು ಸಿಟ್ಟಾಗಿದ್ದರೆ ಪರವಾಗಿರಲಿಲ್ಲ, ಸಿಟ್ಟು ಯಾರಿಗಾದರೂ ಬರುತ್ತದೆ. ಅದು ಖುಷಿ. ಶಾಲೆ ತಪ್ಪಿಸಿದ ಹುಡುಗನ ಖುಷಿ. ಹೆಲ್ಮೆಟ್ಟಿನೊಳಗೆ ಅವನು ಒಂದು ಹಾಡು ಕೂಡ ಗುನುಗಿದ್ದ.

ಕಂಟ್ರಾಕ್ಟರ್ ಸುತ್ತಿಗೆ ಕೆಳಗಿಟ್ಟು ಬೆನ್ನು ನೇರ ಮಾಡಿದ.

'ಮೇಷ್ಟ್ರೆಲ್ಲಿ ಕಣೋ?'

'ಬರ್ತಾರೆ.'

'ಬರ್ತಾರೆ ಅಂದ್ರೆ? ನೀನು ಬಂದು ಮುಕ್ಕಾಲು ಗಂಟೆ ಆಯ್ತು. ಅವರು ದಾಟಿದ ಮೇಲೆ ತಾನೆ ನೀನು ಹೊರಟಿದ್ದು?'

'ಹ್ಞೂಂ.'

ಆ ಒಂದು ಸದ್ದು ಬಾಯಿಂದ ಬಿದ್ದದ್ದೇ ತಡ, ಮಿಕ್ಕದ್ದೆಲ್ಲ ಅದರ ಬಾಲ ಹಿಡಿದುಕೊಂಡು ಬಂತು. ಹಲ್ಲಿನ ಡಾಕ್ಟರ್ ಕುರ್ಚಿಯಲ್ಲೇ ಕತ್ತು ತಿರುಗಿಸಿದ. ಅವನಿಗೆ ಯಾವುದೇ ಮಾತಿನಲ್ಲಿ ತೂತು ಎಲ್ಲಿದೆ ಎಂದು ಸಣ್ಣ ಮುಳ್ಳಿನಿಂದ ಚುಚ್ಚಿ ನೋಡುವ ಅಭ್ಯಾಸ.

'ದಾಟಿದ್ರು ಅಂದ್ರೆ ಯಾವ ಕಡೆಗೆ? ಈ ಕಡೆ ತಿರುಗಿದ್ರೆ ದಾರೀಲಿ ನೀನು ಅವರನ್ನ ಹಿಂದೆ ಹಾಕಿರ್ಬೇಕು. ನಿನ್ನ ಹಿಂದೇನೇ ಬಂದು ಮುಟ್ಟಿರ್ಬೇಕು.'

'ನೇರ ಹೋಗ್ಬಿಟ್ರು' ಎಂದ ಕನ್ನಡಕದವನು. ತನ್ನ ದನಿ ಎಷ್ಟು ಸರಾಗವಾಗಿದೆ ಎಂದು ಅವನಿಗೇ ಆಶ್ಚರ್ಯವಾಯಿತು. 'ನಾನು ಕೈ ತೋರಿಸ್ತಾನೇ ಇದ್ದೆ. ನೋಡ್ಲೇ ಇಲ್ಲ. ಕೂಗಿದೆ. ತಿರುವು ಬಿಟ್ಟು ಹೋಗ್ಬಾರ್ದು ಅಂತ ನೀನೇ ಹೇಳಿದ್ದೆ. ಅವರೇ ತಿರುಗಿ ಬರ್ತಾರೆ ಅಂತ ಕಾದೆ, ಕಾದೂ ಕಾದೂ ಬಂದೆ.'

'ಬಂದವನು ಬಾಯಿ ಬಿಡ್ಬಾರ್ದಾ? ಮುಕ್ಕಾಲು ಗಂಟೆಯಿಂದ ಆ ಹಗ್ಗ ಸವರ್ತಾ ನಿಂತಿದೀಯ.' ಕಂಟ್ರಾಕ್ಟರ್ ಕೈ ಒರೆಸಿಕೊಂಡ. 'ಮರ ಇಲ್ಲ, ಗಿಡ ಇಲ್ಲ, ಬೋಳು ಬಯಲು. ಅದರ ಮಧ್ಯೆ ಕೆಂಪು ಜಾಕೆಟ್ ಹಾಕ್ಕೊಂಡು ಒಬ್ಬ ಗಂಡಸು ಕೈ ಚಾಚಿ ನಿಂತಿದ್ರೆ ಕಾಣಲ್ಲ ಅಂದ್ರೇನು?'

ಆಗ ಅವನು ಆ ಮಾತು ಹೇಳಿದ. ಯಾರೂ ಕೇಳಿರಲಿಲ್ಲ, ಬೇಕಾಗಿಯೂ ಇರಲಿಲ್ಲ. 'ಅವರಿಗೆ ಎಡಗಣ್ಣಲ್ಲಿ ಪೊರೆ ಬರ್ತಾ ಇದೆ. ನಾನೇ ನೋಡಿದೀನಿ. ಯಾರಿಗೂ ಹೇಳ್ಬೇಡಿ ಅಂದಿದ್ರು, ಅದಕ್ಕೆ ಸುಮ್ನಿದ್ದೆ.'

ಹೊರಡುವ ಮುಂಚೆ, ಒಂದು ತಿಂಗಳ ಹಿಂದೆ, ಅಂಗಡಿ ಮುಚ್ಚಿದ ಮೇಲೆ ಮೇಷ್ಟ್ರು ಹಿಂದಿನ ರೂಮಿಗೆ ಬಂದಿದ್ದರು. ದೂರದ ದಾರಿ, ಒಂದ್ಸಲ ನೋಡಿಬಿಡಿ ಎಂದಿದ್ದರು. ಗೋಡೆಗೆ ಹಚ್ಚಿದ ಅಕ್ಷರದ ಹಾಳೆಯನ್ನು ಒಂದು ಕಣ್ಣು ಮುಚ್ಚಿಕೊಂಡು ಓದಿದರು, ಇನ್ನೊಂದು ಕಣ್ಣು ಮುಚ್ಚಿಕೊಂಡು ಓದಿದರು, ಕೊನೆಯ ಸಾಲನ್ನೂ ಮುಗಿಸಿ, ಅದರ ಕೆಳಗೆ ಇರುವೆ ಸಾಲಿನಂತಿದ್ದ, ಆ ಹಾಳೆ ಅಚ್ಚು ಮಾಡಿದ ಪ್ರೆಸ್ಸಿನ ವಿಳಾಸವನ್ನೂ ಓದಿಹೇಳಿ, 'ಇದಕ್ಕೆ ಎಷ್ಟು ಮಾರ್ಕು?' ಎಂದು ಕೇಳಿದ್ದರು. ಇವನು, 'ನಿಮ್ಮ ಕಣ್ಣು ಇನ್ನೂ ಹತ್ತು ವರ್ಷ ಓಡುತ್ತೆ ಮೇಷ್ಟ್ರೇ, ನೀವು ಓಡ್ತೀರೋ ಇಲ್ವೋ ನೋಡ್ಕೊಳ್ಳಿ' ಎಂದಿದ್ದ. ಆ ದಿನ ಇಬ್ಬರೂ ಬಹಳ ಹೊತ್ತು ನಕ್ಕಿದ್ದರು. ಈ ಕೆಲಸದಲ್ಲಿ ಮೋಸ ಮಾಡೋಕೆ ಬರಲ್ಲ ಎಂದು ಮೇಷ್ಟ್ರು ಹೇಳಿದ್ದು ತಪ್ಪು. ಬರುತ್ತದೆ. ಬಹಳ ಸುಲಭ. ಮೂವತ್ತಾರು ವರ್ಷದ ಅನುಭವ ಬೇಕು, ಅಷ್ಟೇ, ಆಗ ಯಾರೂ ತಿರುಗಿ ಕೇಳುವುದಿಲ್ಲ. ಕಂಟ್ರಾಕ್ಟರ್ ಕೇಳಲಿಲ್ಲ. 'ಅಯ್ಯೋ ದೇವರೇ' ಎಂದು ಹಣೆ ಚಚ್ಚಿಕೊಂಡು ಹೆಲ್ಮೆಟ್ ಎತ್ತಿಕೊಂಡ. ಇವನೂ ತನ್ನ ಗಾಡಿಯ ಕಡೆ ಹೋದಾಗ, 'ನೀನು ಬೇಡ, ಇಬ್ಬಿಬ್ಬರನ್ನ ಹುಡುಕೋ ಹಾಗಾಗೋದು ಬೇಡ. ಇಲ್ಲೇ ನಿಂತಿರು' ಎಂದು ಹೊರಟುಹೋದ.

ನಿಂತಿದ್ದ. ಸ್ಟವ್ ಹಚ್ಚಿದ, ನೀರಿಟ್ಟ, ನೀರು ಕುದಿದು ಬತ್ತಿತು, ಮತ್ತೆ ನೀರಿಟ್ಟ. ಬಿದ್ದಿದ್ದಾರೆ ಎಂದು ಒಂದು ಮನಸ್ಸು ಹೇಳುತ್ತಿತ್ತು. ಗಣಿಯ ಗುಂಡಿ ಕಣ್ಣಿಗೆ ಬರುತ್ತಿತ್ತು, ಅದರ ತಳದಲ್ಲಿ ಇನ್ನೂ ತಿರುಗುತ್ತಿರುವ ಚಕ್ರ. ಬಿದ್ದಿರಲಿ, ಏನೂ ಆಗದೆ ಸುಮ್ಮನೆ ಬಿದ್ದಿರಲಿ, ತಲೆಗೆ ಸ್ವಲ್ಪ ಏಟು ಬಿದ್ದು ಏನೂ ನೆನಪಿಲ್ಲದೆ ಹೋಗಲಿ ಎಂದು ಇನ್ನೊಂದು ಮನಸ್ಸು ಕೇಳಿಕೊಳ್ಳುತ್ತಿತ್ತು. ಆ ಎರಡನೆಯದು ತನ್ನದಲ್ಲ ಎಂದುಕೊಂಡ. ಹಲ್ಲಿನ ಡಾಕ್ಟರ್ ಟೀ ಲೋಟ ತೆಗೆದುಕೊಳ್ಳುವಾಗ, 'ನಿನ್ನ ಹಾಸಿಗೆ ಎಲ್ಲಿ?' ಎಂದ. 'ಗಾಡಿ ಮೇಲಿದೆ.' 'ಓಹೋ' ಎಂದ ಡಾಕ್ಟರ್, ಮಳೆ ಕೋಟು ಕಟ್ಟಿದ್ದ ಕಡೆ ನೋಡಿ ಟೀ ಊದಿಕೊಂಡ.

ಏಳೂವರೆಗೆ ಎರಡು ಎಂಜಿನ್ನುಗಳ ಸದ್ದು ಕೇಳಿತು. ಮುಂದೆ ಕಂಟ್ರಾಕ್ಟರ್, ಹಿಂದೆ ಮೇಷ್ಟ್ರು. ಮೇಷ್ಟ್ರ ಎಡಭಾಗವೆಲ್ಲ ಕೆಸರು, ಮೊಣಕೈ ಹತ್ತಿರ ಜಾಕೆಟ್ ಹರಿದಿತ್ತು. ಗಣಿಯ ಬಾಯಿಯ ತನಕ ಹೋಗಿ, ಅಲ್ಲಿ ಸಡಿಲ ಮಣ್ಣಿನಲ್ಲಿ ಗಾಡಿ ತಿರುಗಿಸುವಾಗ ಬಿದ್ದು, ಆ ಭಾರವನ್ನು ಒಬ್ಬರೇ ಎತ್ತಲಾಗದೆ, ಸಾಮಾನೆಲ್ಲ ಬಿಚ್ಚಿ ಹಗುರ ಮಾಡಿ, ಎತ್ತಿ, ಮತ್ತೆ ಸಾಮಾನು ಕಟ್ಟಿಕೊಂಡು ಬರುತ್ತಿದ್ದಾಗ ಅರ್ಧ ದಾರಿಯಲ್ಲಿ ಕಂಟ್ರಾಕ್ಟರಿಗೆ ಸಿಕ್ಕಿದ್ದರು. ಅವರ ಬೆನ್ನಿಗೆ ಅಡ್ಡಲಾಗಿ ಒಂದು ಬೂದು ಬಣ್ಣದ ಸುರುಳಿ ಕಟ್ಟಿತ್ತು. ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಕನ್ನಡಕ ಒರೆಸಿ ಹಾಕಿಕೊಂಡು, ಮೊದಲು ಆ ಸುರುಳಿಯನ್ನು ಬಿಚ್ಚಿ ಕನ್ನಡಕದವನ ಕೈಗೆ ಕೊಟ್ಟರು.

'ಆ ಕಲ್ಲು ಸೇತುವೆ ಇಳಿಜಾರಲ್ಲಿ ಬಿದ್ದಿತ್ತು. ಅಲ್ಲಿಂದ ಉರುಳಿಕೊಂಡು ಹಳ್ಳದ ಹತ್ರ ಹೋಗಿಬಿಟ್ಟಿತ್ತು. ಇಳಿದು ತರೋದು ಸ್ವಲ್ಪ ಹೊತ್ತಾಯ್ತು. ಒದ್ದೆ ಆಗಿಲ್ಲ ನೋಡಿ.'

ಕನ್ನಡಕದವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಮಗುವನ್ನು ಕೊಟ್ಟರೆ ಹೇಗೆ ಹಿಡಿಯಬೇಕೆಂದು ಗೊತ್ತಾಗದವನ ಹಾಗೆ ಹಿಡಿದುಕೊಂಡೇ ನಿಂತ.

'ಒಪ್ಕೊಂಡ್ರು' ಎಂದ ಕಂಟ್ರಾಕ್ಟರ್, ಮೇಷ್ಟ್ರು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ. 'ಇವನು ನಿಂತಿದ್ದು ಕಾಣಲಿಲ್ವಂತೆ. ಕೇಳಿದೆ, ಕಣ್ಣಿಂದು ಹೌದಾ ಅಂತ. ಇರ್ಬಹುದು ಅಂದ್ರು.'

'ಬೂದು ಬಣ್ಣದ ಸುರುಳಿ ಹಳ್ಳದ ತಳದಲ್ಲಿ ಬಿದ್ದಿದ್ದು ಕಂಡಿದೆ' ಎಂದ ಹಲ್ಲಿನ ಡಾಕ್ಟರ್ ಮೆಲ್ಲಗೆ. 'ರಸ್ತೆ ಮೇಲೆ ನಿಂತ ಕೆಂಪು ಜಾಕೆಟ್ ಕಾಣಲಿಲ್ಲ.'

ಸ್ಟವ್ ಸುಯ್ಯೆನ್ನುತ್ತಿತ್ತು. ಕನ್ನಡಕದವನು ಸುರುಳಿಯನ್ನು ಕೆಳಗಿಟ್ಟ. ಈಗ, ಈಗ ಮೇಷ್ಟ್ರು ಹೇಳಿಬಿಡುತ್ತಾರೆ, ಹೇಳಿದರೆ ಒಳ್ಳೆಯದು, ತಾನು ತಲೆ ತಗ್ಗಿಸಿದರೆ ಮುಗಿಯಿತು. ಮೇಷ್ಟ್ರು ಅವನನ್ನು ನೋಡಿದರು. ಪಾಠ ಒಪ್ಪಿಸಲು ಎದ್ದು ನಿಂತು ಬಾಯಿ ಬಾರದ ಹುಡುಗನನ್ನು ಅವರು ನೋಡುತ್ತಿದ್ದ ನೋಟವಿರಬೇಕು ಅದು. ಅವಸರವಿಲ್ಲ, ಗದರಿಕೆ ಇಲ್ಲ, ನಿನಗೆ ಗೊತ್ತಿದೆ, ಹೇಳು ಎನ್ನುವಂಥದ್ದು. ಕನ್ನಡಕದವನು ಬಗ್ಗಿ ಸ್ಟವ್ವಿನ ಉರಿ ಸಣ್ಣದು ಮಾಡಿದ.

'ವಯಸ್ಸಾಯ್ತು ನೋಡಿ' ಎಂದರು ಮೇಷ್ಟ್ರು. 'ಒಂದೊಂದು ಸಲ ಕಾಣುತ್ತೆ, ಒಂದೊಂದು ಸಲ ಇಲ್ಲ. ಟೀ ಇದ್ಯಾ?'

ಹಲ್ಲಿನ ಡಾಕ್ಟರ್, 'ಸರಿ ಬಿಡಿ' ಎಂದು ಕುರ್ಚಿಯನ್ನು ನೀರಿನ ಕಡೆ ತಿರುಗಿಸಿಕೊಂಡ.

ಆ ಹಾಸಿಗೆಯಲ್ಲಿ ಅವನು ಮಲಗಿದ. ಡೇರೆಯ ಬಟ್ಟೆಯ ಮೂಲಕ ಮುಳುಗದ ಬೆಳಕು ಬರುತ್ತಲೇ ಇತ್ತು, ಕಣ್ಣು ಮುಚ್ಚಿದರೆ ರೆಪ್ಪೆಯೊಳಗೆ ಕೆಂಪಗೆ. ಮೂರು ಮಾತು. ಮೇಷ್ಟ್ರು ನನ್ನನ್ನು ನೋಡಲಿಲ್ಲ, ಯಾಕೆಂದರೆ ನಾನು ಅಲ್ಲಿ ಇರಲಿಲ್ಲ. ಎಣಿಸಿದರೆ ಮೂರಲ್ಲ, ಏಳೆಂಟು ಮಾತಾಗುತ್ತದೆ. ಬೆಳಿಗ್ಗೆ ಎಲ್ಲರೂ ಎದ್ದು ಕಾಫಿ ಕುಡಿಯುವಾಗ ಹೇಳುವುದು. ಹೇಳಿದ ಮೇಲೆ ಏನು? ಕಂಟ್ರಾಕ್ಟರ್ ಉಗಿಯುತ್ತಾನೆ. ಉಗಿಯಲಿ. ಅಣ್ಣನ ಮಗ ಹಿಂದಿನ ರೂಮಿಗೆ ಕಳಿಸಿದಾಗ ಗಟ್ಟಿಯಾಗಿ ಒಂದು ಮಾತು ಹೇಳಿದ್ದರೆ ಇವತ್ತು ಈ ಬಯಲಿಗೆ ಬರುವ ಪ್ರಮೇಯವೇ ಇರುತ್ತಿರಲಿಲ್ಲ ಎಂದು ಯಾಕೋ ಅನ್ನಿಸಿತು. ಅಲ್ಲಿಯೂ ಹೇಳಬೇಕಾದ ಮಾತು ಸಿದ್ಧವಾಗಿತ್ತು. ಮರುದಿನ ಬೆಳಿಗ್ಗೆ ಹೇಳೋಣ ಎಂದುಕೊಂಡಿದ್ದ. ಆರು ವರ್ಷವಾಯಿತು.

ಬೆಳಿಗ್ಗೆ ಅವನು ಡೇರೆಯಿಂದ ತಲೆ ಹೊರಗೆ ಹಾಕುವಷ್ಟರಲ್ಲಿ ಎಲ್ಲಾ ನಿರ್ಧಾರವಾಗಿತ್ತು. ಕಂಟ್ರಾಕ್ಟರ್ ಸರೋವರದ ಜಾಗ ನೋಡಿಕೊಳ್ಳುವ ಹೆಂಗಸಿನ ಜೊತೆ ಮಾತಾಡಿ ಬಂದಿದ್ದ. ಮೇಷ್ಟ್ರ ಗಾಡಿಯನ್ನು ಆಕೆಯ ದೋಣಿ ಶೆಡ್ಡಿನಲ್ಲಿ ಬಿಡುವುದು, ಸಮುದ್ರ ನೋಡಿ ನಾಲ್ಕು ದಿನಕ್ಕೆ ಇದೇ ದಾರಿಯಲ್ಲಿ ವಾಪಸ್ ಬರುವಾಗ ತೆಗೆದುಕೊಳ್ಳುವುದು. ಮೇಷ್ಟ್ರು ಡಾಕ್ಟರ ಹಿಂದೆ ಕೂರುವುದು.

'ನಿಮ್ಮ ಒಳ್ಳೇದಕ್ಕೇ ಮೇಷ್ಟ್ರೇ. ಪೊರೆ ಇಟ್ಕೊಂಡು ಈ ಜಲ್ಲೀಲಿ ಓಡಿಸೋದು ಅಂದ್ರೆ ತಮಾಷೆನಾ? ನಾಳೆ ನಿಮ್ಮ ಮಗಳು ನನ್ನ ಕುತ್ತಿಗೆ ಹಿಡ್ಕೋತಾಳೆ.'

'ಇನ್ನು ಎರಡು ದಿನದ ದಾರಿ ಕಣಪ್ಪ' ಎಂದರು ಮೇಷ್ಟ್ರು. 'ನಿಧಾನಕ್ಕೆ ಬರ್ತೀನಿ.'

'ನಿಧಾನದ ಪ್ರಶ್ನೆ ಅಲ್ಲ, ಕಣ್ಣಿನ ಪ್ರಶ್ನೆ. ಬೇಕಾದ್ರೆ ಇವನನ್ನೇ ಕೇಳಿ. ಏನೋ, ಹೇಳೋ. ಓಡಿಸಬಹುದಾ ಇವರು?'

ಮೂವರೂ ಅವನನ್ನು ನೋಡಿದರು. ಜೀವಮಾನದಲ್ಲಿ ಮೊದಲನೇ ಸಲ ಕಂಟ್ರಾಕ್ಟರ್ ಅವನ ಅಭಿಪ್ರಾಯ ಕೇಳಿದ್ದ. ನಿನ್ನೆಯಿಂದ ಕಟ್ಟಿಟ್ಟುಕೊಂಡ ಮಾತು ನಾಲಿಗೆಯ ತುದಿಗೆ ಬಂತು. ಆ ಜಾಗದಲ್ಲಿ ಇನ್ನೊಂದು ಮಾತು ಮೊದಲೇ ಬಂದು ಕೂತಿತ್ತು.

'ರಿಸ್ಕು' ಎಂದ.

ಮೇಷ್ಟ್ರು ತಲೆ ಆಡಿಸಿದರು. ಜೇಬಿನಿಂದ ಕೀಲಿ ತೆಗೆದು ಒಮ್ಮೆ ನೋಡಿ ಮತ್ತೆ ಜೇಬಿಗೆ ಹಾಕಿಕೊಂಡು, ಗಾಡಿಯ ಹಿಡಿ ಹಿಡಿದು ಶೆಡ್ಡಿನ ಕಡೆ ತಳ್ಳತೊಡಗಿದರು. ದಾರಿ ಏರು. ಕನ್ನಡಕದವನು ಓಡಿಹೋಗಿ ಹಿಂದಿನಿಂದ ಕೈ ಕೊಟ್ಟ. ಅವರ ಬೆನ್ನಿನಲ್ಲಿ ನಿನ್ನೆಯ ಹಗ್ಗದ ಗುರುತು ಕೆಸರಿನ ಮೇಲೆ ಅಡ್ಡ ಮೂಡಿತ್ತು. ಶೆಡ್ಡಿನೊಳಗೆ ಮೀನಿನ ಬಲೆಯ ವಾಸನೆ, ಮಗುಚಿಟ್ಟ ಎರಡು ದೋಣಿ. ಮೇಷ್ಟ್ರು ಗಾಡಿಯನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ, ಮುಂದಿನ ಚಕ್ರಕ್ಕೆ ಮೆತ್ತಿದ್ದ ಒಣ ಮಣ್ಣನ್ನು ಹೆಬ್ಬೆರಳಿನಿಂದ ಕೆರೆದರು. ಯಾರೂ ಇರಲಿಲ್ಲ. ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

'ಮೇಷ್ಟ್ರೇ.'

'ಎಷ್ಟು ಹೊತ್ತು ನಿಂತಿದ್ರಿ?' ಎಂದು ಕೇಳಿದರು ಮೇಷ್ಟ್ರು, ಚಕ್ರವನ್ನೇ ನೋಡುತ್ತಾ.

'ಮೂವತ್ತೈದು ನಿಮಿಷ.'

'ಬಹಳ ಹೊತ್ತಾಯ್ತು' ಎಂದರು ಅವರು. 'ಆ ನೊಣ ಬೇರೆ. ನಾನು ಹಳ್ಳಕ್ಕೆ ಇಳೀಬೇಕಾದ್ರೇ ಅಂದ್ಕೊಂಡೆ, ಪಾಪ ಅಲ್ಲಿ ಕಾಯ್ತಾ ಇರ್ತಾರೆ ಅಂತ.' ಆಮೇಲೆ ಎದ್ದು ನಿಂತು, ಕೈ ಕೊಡವಿಕೊಂಡು, ಮೂಗಿನ ಮೇಲಿನ ಕನ್ನಡಕವನ್ನು ಒಂದು ಬೆರಳಿನಿಂದ ಮೇಲಕ್ಕೆ ತಳ್ಳಿದರು. 'ಊರಿಗೆ ಹೋದ್ಮೇಲೆ ಬರ್ತೀನಿ, ಇನ್ನೊಂದ್ಸಲ ನೋಡಿ. ನೀವು ಹೇಳಿದ ಮೇಲೆ ನನಗೂ ಅನುಮಾನ ಬಂದಿದೆ.' ಅವರ ದನಿಯಲ್ಲಿ ಕೊಂಕು ಇದೆಯೇ ಎಂದು ಅವನು ಹುಡುಕಿದ. ಇದ್ದಿದ್ದರೆ ಅದನ್ನು ಹಿಡಿದುಕೊಂಡು ಮೇಲೆ ಹತ್ತಬಹುದಿತ್ತು. ಮೇಷ್ಟ್ರು ಹೊರಗೆ ಹೋದರು. ಅವನು ಶೆಡ್ಡಿನ ಬಾಗಿಲನ್ನು ಎಳೆದು ಮುಚ್ಚಿ, ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಎರಡು ಸಲ ನೋಡಿದ.

ಕೊನೆಯ ಗಾಡಿ ಈಗ ಅವನದು. ಕಂಟ್ರಾಕ್ಟರ್ ಹೇಳಿದ್ದ, 'ನೀನು ಹಿಂದೆ ಬಾ, ಕಣ್ಣು ಸರಿ ಇರೋನು ನೀನೊಬ್ಬನೇ' ಎಂದು. ಹನ್ನೊಂದು ದಿನ ತಿರುವುಗಳಲ್ಲಿ ನಿಂತವನಿಗೆ ಇದು ಬಡ್ತಿ. ಮುಂದಿನ ಎರಡು ಗಾಡಿಗಳ ಧೂಳು ಸ್ವಲ್ಪ ಹೊತ್ತು ಕಂಡು ಆಮೇಲೆ ಕಾಣಲಿಲ್ಲ. ಅವನು ಬೇಕೆಂದೇ ನಿಧಾನ ಮಾಡಿದ. ಎರಡು ಸಲ ನಿಲ್ಲಿಸಿ ಇಳಿದು ಹಗ್ಗದ ಗಂಟು ಮುಟ್ಟಿ ನೋಡಿದ. ಮುಂದಿನ ತಿರುವಿನಲ್ಲಿ ಯಾರು ನಿಲ್ಲುತ್ತಾರೆ ಎಂದು ಯಾರೂ ಹೇಳಿರಲಿಲ್ಲ. ಕಂಟ್ರಾಕ್ಟರ್ ಮುಂದಾಳು, ನಿಲ್ಲುವವನಲ್ಲ, ಡಾಕ್ಟರಿಗೆ ಮಂಡಿ. ಯಾರೂ ನಿಲ್ಲದೆ ಇರಲಿ, ಎಂದು ಅವನಿಗೆ ಇದ್ದಕ್ಕಿದ್ದಂತೆ ಬಹಳ ಆಸೆಯಾಯಿತು. ಖಾಲಿ ಕವಲು ಸಿಗಲಿ, ತಾನೂ ನಿಯಮದ ಪ್ರಕಾರ ನೇರ ಹೋಗಿ, ಎಲ್ಲೋ ರಸ್ತೆ ಮುಗಿದ ಕಡೆ ಬಿದ್ದು, ಸಂಜೆ ಕೆಸರು ಮೆತ್ತಿಕೊಂಡು ವಾಪಸ್ ಬರಲಿ. ಆಗ ಸಮವಾಗುತ್ತದೆ. ಆಗ ಹೇಳಬಹುದು.

ಹನ್ನೆರಡರ ಹೊತ್ತಿಗೆ ಸಣ್ಣ ಮಳೆ ಹಿಡಿಯಿತು. ಒಂದು ಬೋಳು ದಿಣ್ಣೆ ಹತ್ತಿ ಇಳಿಯುವಾಗ ಕೆಳಗೆ, ಅರ್ಧ ಮೈಲಿ ದೂರದಲ್ಲಿ, ದಾರಿ ಒಡೆದದ್ದು ಕಂಡಿತು. ಬಲಕ್ಕೊಂದು, ನೇರಕ್ಕೊಂದು. ಅಲ್ಲಿ ಒಂದು ಕಂಬದಂಥದ್ದು ನೆಟ್ಟಿತ್ತು. ಹತ್ತಿರ ಹೋದಂತೆ ಕಂಬಕ್ಕೆ ಕೈ ಬಂತು. ಡಾಕ್ಟರ ಗಾಡಿ ಬಲಗಡೆಯ ದಾರಿಯಲ್ಲಿ ಸ್ವಲ್ಪ ಮುಂದೆ ನಿಂತಿತ್ತು, ಡಾಕ್ಟರ್ ಅದರ ಮೇಲೆಯೇ ಕೂತು ಸಮುದ್ರದ ದಿಕ್ಕಿಗೆ ಮುಖ ಮಾಡಿಕೊಂಡಿದ್ದ, ಈ ಕಡೆ ತಿರುಗಲಿ ಎಂದರೂ ತಿರುಗುವ ಹಾಗಿರಲಿಲ್ಲ. ತಿರುವಿನಲ್ಲಿ ಮೇಷ್ಟ್ರು ನಿಂತಿದ್ದರು. ಹರಿದ ಮೊಣಕೈಯ ತೋಳನ್ನು ಭುಜದ ಮಟ್ಟಕ್ಕೆ ಎತ್ತಿ, ಬಲಕ್ಕೆ ನೇರ ಚಾಚಿ, ಬೆರಳು ಕೂಡ ಬಾಗಿಸದೆ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ, ಅವರ ತಲೆ, ಭುಜ, ಚಾಚಿದ ತೋಳು ಎಲ್ಲಾ ತೊಯ್ದು ಕಪ್ಪಾಗಿದ್ದವು. ಕನ್ನಡಕದ ಗಾಜಿನ ಮೇಲೆ ಹನಿಗಳು ಇಳಿಯುತ್ತಿದ್ದವು, ಅದನ್ನು ಒರೆಸಲೂ ಅವರು ಕೈ ಕೆಳಗಿಳಿಸಿರಲಿಲ್ಲ. ನೂರು ಗಜ. ಐವತ್ತು. ನಿಲ್ಲಿಸು ಎಂದು ಅವನು ಕಾಲಿಗೆ ಹೇಳಿದ. ಇಳಿ, ಆ ಕೈ ಹಿಡಿದು ಕೆಳಗಿಳಿಸು. ಆದರೆ ನಿಯಮದ ಪ್ರಕಾರ ತಿರುವಿನಲ್ಲಿ ಬಂದವನು ನಿಲ್ಲಿಸುವ ಹಾಗಿಲ್ಲ, ಕೈ ಎತ್ತಿ ತಾನು ಕಂಡೆನೆಂದು ತಿಳಿಸಿ ದಾಟಬೇಕು. ಅವನ ಎಡಗೈ ತಾನಾಗಿ ಮೇಲೆ ಬಂತು. ಗಾಡಿ ಬಲಕ್ಕೆ ವಾಲಿತು. ದಾಟುವಾಗ ಮೇಷ್ಟ್ರ ಮುಖ ಒಂದು ಮಾರು ದೂರದಲ್ಲಿತ್ತು, ಅವರು ಅವನನ್ನು ಸರಿಯಾಗಿ ನೋಡಿದರು, ಗುರುತು ಹಿಡಿದರು, ಸಣ್ಣಗೆ ತಲೆ ಆಡಿಸಿದರು. ಅವನು ದಾಟಿಹೋದ. ಕನ್ನಡಿಯಲ್ಲಿ ನೋಡಿದ. ಕೊನೆಯವನು ದಾಟಿಯಾಗಿತ್ತು, ಹಿಂದೆ ಇನ್ನು ಯಾರೂ ಬರುವವರಿರಲಿಲ್ಲ. ಆದರೂ ಅವನು ಹೋಗಬೇಕಾದ ದಾರಿಯಲ್ಲೇ ಹೋಗುತ್ತಿದ್ದಾನೆ ಎಂದು ಖಾತ್ರಿಯಾಗುವ ತನಕ, ಮಳೆಯಲ್ಲಿ, ಆ ಕೈ ಚಾಚಿಕೊಂಡೇ ಇತ್ತು.